ಕೊಂಡು ತಂದ ಹಸುವಿನ ಹೆಸರು

ಮನೆಯಲ್ಲಿ ಹುಟ್ಟಿದ ಕರುವಿಗೆ ಹೆಸರಿಡುವುದು ಸುಲಭ. ಹಣೆಯಲ್ಲಿ ಬಿಳಿಯ ಬೊಟ್ಟಿದ್ದರೆ ಚುಕ್ಕಿ, ಮೈ ಕೆಂಪಾಗಿದ್ದರೆ ಕೆಂಪಿ, ಸೋಮವಾರ ಹುಟ್ಟಿದ ಹೋರಿಗರುವಾದರೆ ಬಸವ. ಇದಕ್ಕಾಗಿ ಪಂಚಾಂಗ ತೆರೆದವರನ್ನು ನಾನು ಕಂಡಿಲ್ಲ. ಕಷ್ಟವಿರುವುದು ಕೊಂಡು ತಂದ ದನದ ವಿಷಯದಲ್ಲಿ. ಅದು ಬರುವಾಗಲೇ ಒಂದು ಹೆಸರನ್ನು ಹೊತ್ತುಕೊಂಡು ಬಂದಿರುತ್ತದೆ. ಹಣ ಕೊಟ್ಟವರು ನಾವು, ಹಗ್ಗ ನಮ್ಮದು. ಹಾಗಾದರೆ ಹೆಸರೂ ನಮ್ಮದೇ ಆಗಬೇಕೆ, ಹಿಂದಿನ ಮನೆಯವರು ಇಟ್ಟದ್ದೇ ಉಳಿಯಬೇಕೆ? ಇದೇನು ಮಹಾ ಪ್ರಶ್ನೆಯೆಂದು ನೀವು ನಗಬಹುದು. ನಮ್ಮ ಮನೆಯಲ್ಲಿ ಇದರ ಮೇಲೆ ಒಂಬತ್ತು ದಿನ ಚರ್ಚೆ ನಡೆದು, ಅಷ್ಟರಲ್ಲಿ ಡೇರಿಗೆ ಹಾಕುವ ಹಾಲು ಅರ್ಧಕ್ಕಿಳಿದುದರಿಂದ ನನಗೆ ಮಾತ್ರ ನಗು ಬರುವುದಿಲ್ಲ.

ನಾನು ಪ್ರಥಮ ಬಿ.ಎ. ತರಗತಿಗೆ ಸೇರಿದ ವರ್ಷ, ಎಂದರೆ 2023ರಲ್ಲಿ, ನಾಡಿನಲ್ಲೆಲ್ಲ ಬರ. ಚನ್ನಗಿರಿ ತಾಲ್ಲೂಕಿನ ನಮ್ಮ ಊರಿನಲ್ಲಿಯೂ ಮಳೆ ಕೈಕೊಟ್ಟಿತ್ತು. ಆದರೂ ತೋಟದ ಬದುವಿನಲ್ಲಿ ಒಂದಿಷ್ಟು ಹಸುರು ಉಳಿದಿತ್ತು. ಜಗಳೂರಿನ ಕಡೆ ಅದೂ ಇಲ್ಲ. ಮೇವಿಲ್ಲದೆ ದನ ಮಾರುತ್ತಾರೆಂಬ ಸುದ್ದಿ ಕೇಳಿ ಅಮ್ಮ ಸ್ತ್ರೀಶಕ್ತಿ ಸಂಘದಲ್ಲಿ ಸಾಲ ತೆಗೆದಳು. ಹಾಲಿನ ದುಡ್ಡಿನಲ್ಲಿ ಸಂಘದ ಕಂತು ಕಟ್ಟುವುದು, ಉಳಿದುದರಲ್ಲಿ ನನ್ನ ಪರೀಕ್ಷಾ ಶುಲ್ಕ, ಬಸ್ಸಿನ ಪಾಸು. ನಮ್ಮ ವಂಶದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ನಾನೊಬ್ಬಳೇ. ಆ ಮೆಟ್ಟಿಲಿನ ಲೆಕ್ಕವೆಲ್ಲ ಇನ್ನೂ ಕಾಣದ ಒಂದು ಹಸುವಿನ ಕೆಚ್ಚಲಿಗೆ ಕಟ್ಟಿಕೊಂಡಿತ್ತೆಂದರೆ ಸುಳ್ಳಲ್ಲ.

ಹಸು ನೋಡಲು ಅಪ್ಪನ ಜೊತೆಗೆ ನಾನೂ ಹೋಗಿದ್ದೆ. ಅಪ್ಪ ಬಾಯಿ ತೆರೆಸಿ ಹಲ್ಲು ನೋಡಿದರು, ಮೈಮೇಲಿನ ಸುಳಿ ನೋಡಿದರು. ದಲ್ಲಾಳಿ ಟವೆಲಿನ ಮರೆಯಲ್ಲಿ ಇಬ್ಬರ ಬೆರಳುಗಳನ್ನೂ ಹಿಡಿದು ಏನೇನೋ ಲೆಕ್ಕ ನಡೆಸಿದ. ಕಡೆಗೆ ನಲವತ್ತೆರಡು ಸಾವಿರಕ್ಕೆ ವ್ಯಾಪಾರ ಕುದುರಿತು. ಮಾರುವವರು ತಮ್ಮ ಹಗ್ಗವನ್ನು ಬಿಚ್ಚಿಟ್ಟುಕೊಂಡರು. ದನದ ಜೊತೆ ಹಗ್ಗವನ್ನೂ ಕೊಟ್ಟರೆ ಕೊಟ್ಟಿಗೆಯ ಭಾಗ್ಯ ಹೋಗುತ್ತದೆಂಬ ನಂಬಿಕೆ. ನಾವು ಹೊಸ ಹಗ್ಗ ಒಯ್ದಿದ್ದೆವು. ಅಪ್ಪ ಅದನ್ನು ಕಟ್ಟುವಾಗ ಆ ಮನೆಯ ಯಜಮಾನಿತಿ ಹಸುವಿನ ಗಂಗೆದೊಗಲನ್ನು ಸವರುತ್ತ, “ಗೌರೀ ಅಂದ್ರೆ ಸಾಕು ಕಣವ್ವಾ, ಎಲ್ಲಿದ್ರೂ ತಿರುಗಿ ನೋಡ್ತಾಳೆ” ಎಂದು ನನಗೆ ಹೇಳಿದಳು. ಹಗ್ಗವನ್ನು ಉಳಿಸಿಕೊಂಡವರು ಹೆಸರನ್ನು ಮಾತ್ರ ಹಸುವಿನ ಜೊತೆಗೇ ಕಳುಹಿಸಿದರು.

ತೊಡಕು ಪ್ರಾರಂಭವಾದುದು ಇಲ್ಲಿಯೇ. ನಮ್ಮ ಅಜ್ಜಿಯ ಹೆಸರು ಗೌರಮ್ಮ. ಹಟ್ಟಿಯಲ್ಲಿ ನಿಂತು “ಗೌರೀ, ಸರಿದು ನಿಲ್ಲೇ” ಎಂದು ಅಮ್ಮ ಅತ್ತೆಯ ಹೆಸರು ಹಿಡಿದು ಗದರುವುದು ಸಾಧ್ಯವೇ? “ಹೆಸರು ಬದ್ಲಾಯಿಸಿ” ಎಂದು ಅಪ್ಪ ಅಪ್ಪಣೆ ಮಾಡಿದರು. ಲಕ್ಷ್ಮಿ ಎಂದರೆ ಅದು ಚಿಕ್ಕಮ್ಮನ ಹೆಸರು. ಗಂಗೆ ಎಂದರೆ ಪಕ್ಕದ ಮನೆಯವರ ಹೆಸರು, ಅವರಿಗೂ ನಮಗೂ ಬೇಲಿಯ ವಿಷಯದಲ್ಲಿ ಮೊದಲೇ ಮಾತಿಲ್ಲ. ತುಂಗೆ ಎಂದರೆ ಸೋದರತ್ತೆ. ಪುಣ್ಯನದಿಗಳೂ ದೇವಿಯರೂ ಎಲ್ಲರೂ ನಮ್ಮ ಬಂಧುಬಳಗದಲ್ಲಿಯೇ ಖರ್ಚಾಗಿ ಹೋಗಿದ್ದರು. ಕೊನೆಗೆ ತಮ್ಮ ಸೂಚಿಸಿದ ರಾಣಿ ಎಂಬ ಹೆಸರು ಸರ್ವಾನುಮತದಿಂದ ಅಂಗೀಕಾರವಾಯಿತು, ಹಸುವಿನ ಮತವೊಂದನ್ನು ಬಿಟ್ಟು.

ರಾಣಿ ಎಂದರೆ ಹಸು ತಿರುಗಿಯೂ ನೋಡಲಿಲ್ಲ. ಅಮ್ಮ ಕೆಚ್ಚಲಿಗೆ ಕೈಹಾಕಿದರೆ ಕಾಲು ಸರಿಸಿತು, ಸೊರೆ ಬಿಡಲಿಲ್ಲ. ಆರು ಲೀಟರೆಂದು ಹೇಳಿ ಕೊಟ್ಟ ಹಸು ಮೂರಕ್ಕೆ ನಿಂತಿತು. ಪಶುವೈದ್ಯರು ಬಂದು ನೋಡಿ, ರೋಗವೇನೂ ಇಲ್ಲ, ಊರು, ಮೇವು, ಕರೆಯುವ ಕೈ ಬದಲಾದಾಗ ದನ ಬೆದರುವುದು ಸಹಜ, ಬೆದರಿದ ಹಸು ಕೆಚ್ಚಲಿನಲ್ಲಿ ಹಾಲಿದ್ದರೂ ಇಳಿಸುವುದಿಲ್ಲ ಎಂದರು. ಕಿವಿಯಲ್ಲಿದ್ದ ಹಳದಿ ಬಿಲ್ಲೆಯ ಹನ್ನೆರಡು ಅಂಕಿಗಳನ್ನು ಓದಿ ಬರೆದುಕೊಂಡರು. ಮಾಲೀಕರು ಎಷ್ಟು ಮಂದಿ ಬದಲಾದರೂ ಆ ಸಂಖ್ಯೆ ಬದಲಾಗುವುದಿಲ್ಲವಂತೆ. ಸರ್ಕಾರ ಕೊಟ್ಟ ಸಂಖ್ಯೆಗೆ ಇರುವ ಭದ್ರತೆ ಒಬ್ಬ ಹೆಂಗಸು ಪ್ರೀತಿಯಿಂದ ಇಟ್ಟ ಹೆಸರಿಗೆ ಇಲ್ಲವಲ್ಲ ಎಂದು ನನಗೆ ಆಗ ಅನಿಸಿತು.

ಹೆಸರು ಬದಲಿಸುವವರ ಪಕ್ಷದಲ್ಲಿಯೂ ನ್ಯಾಯವಿದೆ. ಹಿಂದಿನ ಮನೆಯಲ್ಲಿ ಬೈಗುಳವನ್ನೇ ಹೆಸರಾಗಿಸಿಕೊಂಡ ಪ್ರಾಣಿಗೆ, ಆ ಶಬ್ದ ಕೇಳಿದೊಡನೆ ಪೆಟ್ಟು ನೆನಪಾಗುವ ನಾಯಿಗೆ, ಹೊಸ ಹೆಸರು ಹೊಸ ಜನ್ಮವೇ ಸರಿ. ತುತ್ತು ಕೊಡುವಾಗಲೆಲ್ಲ ಒಂದೇ ಶಬ್ದವನ್ನು ಮೃದುವಾಗಿ ಹೇಳುತ್ತಿದ್ದರೆ ಪ್ರಾಣಿಗಳು ಅದನ್ನು ಕಲಿತುಕೊಳ್ಳುತ್ತವೆ. ಆದರೆ ನಮ್ಮ ಗೌರಿ ಅಂಥ ಕಷ್ಟದಿಂದ ಬಂದವಳಲ್ಲ. ಅವಳ ಹೆಸರು ಅಡ್ಡಿಯಾದುದು ನಮಗೆ, ಅವಳಿಗಲ್ಲ.

ಹೊನ್ನಾಳಿ, ನ್ಯಾಮತಿಯ ಕಡೆಯವರನ್ನು ಕೇಳಿದರೆ ಬೇರೆಯೇ ನ್ಯಾಯ. ದೀಪಾವಳಿಯಿಂದ ಮುಂದೆ ಅಲ್ಲಿ ಹೋರಿ ಹಬ್ಬ. ಕೊಬ್ಬರಿಯ ಸರ ಕಟ್ಟಿ ಓಡಿಸಿದ ಹೋರಿ ಯಾರ ಕೈಗೂ ಸಿಗದೆ ಹೋದರೆ ಮೈಕಿನಲ್ಲಿ ಅದರ ಹೆಸರು ಮೊಳಗುತ್ತದೆ. ಹುಲಿಯೆಂದೂ ಎಕ್ಸ್‌ಪ್ರೆಸ್ಸೆಂದೂ ಬಗೆಬಗೆಯ ಹೆಸರುಗಳು. ಅಂಥ ಹೋರಿಯನ್ನು ಕೊಳ್ಳುವವನು ಕಾಲಿನ ವೇಗಕ್ಕೆಷ್ಟೋ ಹೆಸರಿಗೂ ಅಷ್ಟೇ ಬೆಲೆ ಕೊಡುತ್ತಾನೆ. ನ್ಯಾಮತಿ ತಾಲ್ಲೂಕಿನ ನಮ್ಮ ಸೋದರಮಾವ ಹೋರಿ ಕೊಂಡಾಗ ಹೆಸರನ್ನು ಮುಟ್ಟಲಿಲ್ಲ, ಅದರ ಹಿಂದೆ ತಮ್ಮ ಊರಿನ ಹೆಸರೊಂದನ್ನು ಸೇರಿಸಿದರು. ಕೀರ್ತಿ ತಂದ ಹೆಸರನ್ನು ಯಾರೂ ಅಳಿಸುವುದಿಲ್ಲ. ಹಾಲು ಕೊಡುವ ಬಡ ಹಸುವಿನ ಹೆಸರೆಂದರೆ ಮಾತ್ರ ಎಲ್ಲರಿಗೂ ಸಲಿಗೆ.

ಊರುಕೇರಿಗಳಿಗೂ ಈ ಸಲಿಗೆ ತಪ್ಪಿದ್ದಲ್ಲ. ನಮ್ಮ ಸೂಳೆಕೆರೆಗೆ ಮರ್ಯಾದೆಯ ಹೆಸರು ಬೇಕೆಂದು ಶಾಂತಿಸಾಗರವೆನ್ನುತ್ತಾರೆ. ಫಲಕದಲ್ಲಿ ಶಾಂತಿಸಾಗರ, ಬಾಯಲ್ಲಿ ಇಂದಿಗೂ ಸೂಳೆಕೆರೆ. ನೆರೆಯ ಅಜ್ಜಂಪುರದ ಅಮೃತಮಹಲ್ ದನಗಳ ಇತಿಹಾಸ ನೋಡಿ: ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಬೆಣ್ಣೆ ಚಾವಡಿ ಎನಿಸಿದ್ದ ಇಲಾಖೆ ಟಿಪ್ಪುವಿನ ಕಾಲದಲ್ಲಿ ಅಮೃತಮಹಲ್ ಆಯಿತು. ಇಲ್ಲಿ ಹಳೆಯದು ಮರೆತು ಹೊಸದೇ ನಿಂತಿತು. 1997ರಲ್ಲಿ ಚನ್ನಗಿರಿ, ಹೊನ್ನಾಳಿಗಳು ಶಿವಮೊಗ್ಗವನ್ನೂ ಜಗಳೂರು ಚಿತ್ರದುರ್ಗವನ್ನೂ ಬಿಟ್ಟು ದಾವಣಗೆರೆ ಜಿಲ್ಲೆಗೆ ಬಂದುವು. ನ್ಯಾಮತಿ ಅನಂತರ ತಾನೇ ಒಂದು ತಾಲ್ಲೂಕಾಯಿತು. ಯಜಮಾನರು ಬದಲಾದರೂ ಊರುಗಳು ತಮ್ಮ ಹೆಸರುಗಳನ್ನು ಬಿಡಲಿಲ್ಲ. ಮನುಷ್ಯರ ಊರಿಗೆ ತೋರಿಸಿದ ಈ ಸೌಜನ್ಯವನ್ನು ಹಸುವಿಗೂ ತೋರಿಸಬಾರದೇಕೆ?

ಈ ವಾದಗಳನ್ನೆಲ್ಲ ನಾನು ಮನೆಯಲ್ಲಿ ಮಂಡಿಸಿದೆ. “ಓದಿದೋರ ಮಾತು” ಎಂದು ಅಪ್ಪ ಎದ್ದುಹೋದರು. ಒಂಬತ್ತನೆಯ ದಿನ ಸಂಜೆ ಡೇರಿಯ ಚೀಟಿ ನೋಡಿ ಅಮ್ಮ ಕಣ್ಣಿಗೆ ಸೆರಗು ಹಚ್ಚಿಕೊಂಡು ಕುಳಿತಳು. ಮರುದಿನವೇ ಸಂಘದ ಕಂತು. ಆಗ ಅಜ್ಜಿ ಕೋಲೂರಿಕೊಂಡು ಹಟ್ಟಿಗೆ ಬಂದು, ಹಸುವಿನ ಮುಂದೆ ನಿಂತು “ಗೌರೀ” ಎಂದಳು. ಹಸು ಕಿವಿ ನಿಮಿರಿಸಿ ತಿರುಗಿತು. ಎಲ್ಲರೂ ಸುಮ್ಮನಾದರು.

“ಇದೇ ಹೆಸರಿಂದ ಕರೀರಿ” ಎಂದಳು ಅಜ್ಜಿ. “ನಿನ್ ಹೆಸರು ಹಿಡಿದು ಬೈಯೋದು ಹೆಂಗವ್ವಾ?” ಎಂದರು ಅಪ್ಪ. ಅಜ್ಜಿ ನಕ್ಕಳು. “ನನ್ ಹೆಸರು ಯಾರು ಕರೆದೀರಪ್ಪಾ? ನಿಮ್ಮಪ್ಪ ‘ಇವಳೇ’ ಅಂತಿದ್ರು. ನೀನು ಅವ್ವಾ ಅಂತೀಯಾ, ಸೊಸೇರು ಅತ್ತೆ ಅಂತಾರೆ, ಈ ಹುಡುಗಿ ಅಜ್ಜಿ ಅಂತಾಳೆ. ನಮ್ಮವ್ವ ಸತ್ತ ಮ್ಯಾಲೆ ಗೌರೀ ಅನ್ನೋದು ನನ್ ಕಿವಿಗೆ ಬಿದ್ದೇ ಇಲ್ಲ. ಈ ನೆಪದಾಗಾದ್ರೂ ಬೀಳ್ಲಿ.”

ಅಜ್ಜಿಯ ಹೆಸರು ನನಗೆ ಗೊತ್ತಿದ್ದುದು ಪಡಿತರ ಚೀಟಿಯಿಂದ. ಗೌರಮ್ಮ ಎಂದಿದ್ದು, ಅದರ ಮುಂದೆ ಕೋಂ ಎಂದು ಬರೆದು ಅಜ್ಜನ ಹೆಸರು. ಅದೊಂದು ಕರೆಯುವ ಹೆಸರೆಂದು, ಯಾರೋ ತಾಯಿ ಬಾಗಿಲಲ್ಲಿ ನಿಂತು ಕೂಗಿದ ಹೆಸರೆಂದು ನನಗೆ ತೋರಿಯೇ ಇರಲಿಲ್ಲ. ಅಜ್ಜಿಯ ಗೌರವಕ್ಕಾಗಿ ಹಸುವಿನ ಹೆಸರನ್ನು ತೆಗೆದುಹಾಕಿದ ನಾವು, ಅಜ್ಜಿಯನ್ನು ಮಾತ್ರ ಒಂದು ಮಾತೂ ಕೇಳಿರಲಿಲ್ಲ.

ಅಂದಿನಿಂದ ಹಸು ಗೌರಿಯೇ. ವಾರ ಕಳೆಯುವುದರೊಳಗೆ ಹಾಲು ಐದು ಲೀಟರಿಗೆ ಏರಿತು. ಹೆಸರಿನಿಂದಲೇ ಏರಿತೆಂದು ನಾನು ವಾದಿಸಲಾರೆ. ಅಷ್ಟರಲ್ಲಿ ಅವಳಿಗೆ ನಮ್ಮ ಹಟ್ಟಿ ಪರಿಚಯವಾಗಿತ್ತು. ಈ ಕಥೆಯನ್ನು ಕೇಳಿದ ನಮ್ಮ ಅಧ್ಯಾಪಕರೊಬ್ಬರು, ಇಂಗ್ಲೆಂಡಿನ ನ್ಯೂಕ್ಯಾಸಲ್ ವಿಶ್ವವಿದ್ಯಾನಿಲಯದ ಇಬ್ಬರು ಸಂಶೋಧಕರು 516 ಹೈನುಗಾರರನ್ನು ವಿಚಾರಿಸಿ 2009ರಲ್ಲಿ ಪ್ರಕಟಿಸಿದ ಸಂಗತಿಯನ್ನು ತಿಳಿಸಿದರು. ಹೆಸರಿಟ್ಟು ಕರೆಯುವ ಕೊಟ್ಟಿಗೆಗಳಲ್ಲಿ ಹಸುವೊಂದಕ್ಕೆ ವರ್ಷಕ್ಕೆ 258 ಲೀಟರ್ ಹಾಲು ಹೆಚ್ಚೆಂದು ಕಂಡುಬಂದಿತಂತೆ. ಹೆಸರಿನಲ್ಲಿ ಮಂತ್ರವಿಲ್ಲ. ಹೆಸರು ಹಿಡಿದು ಕರೆಯುವವನು ಪ್ರಾಣಿಯನ್ನು ಒಂದೊಂದಾಗಿ ನೋಡುತ್ತಾನೆ, ನೋಡಿದವನು ಚೆನ್ನಾಗಿ ಸಾಕುತ್ತಾನೆ. ನನಗೆ ತೋರುವ ಅರ್ಥ ಇಷ್ಟೆ.

ಆದುದರಿಂದ ನನ್ನ ತೀರ್ಪು ಹೀಗೆ. ಹಳೆಯ ಹೆಸರು ನೋವಿನದಾದರೆ ಬದಲಿಸಿ, ಪ್ರೀತಿಯದಾದರೆ ಇರಗೊಡಿ. ಕೊಂಡವರಿಗೆ ಪ್ರಾಣಿಯ ಮುಂದಿನ ದಿನಗಳು ಸೇರುತ್ತವೆ, ಹಿಂದಿನವು ಸೇರುವುದಿಲ್ಲ.

ಕಳೆದ ವರ್ಷ ಗೌರಿ ಹೆಣ್ಣುಗರು ಹಾಕಿದಳು. ಖಾಲಿ ಬಿದ್ದಿದ್ದ ರಾಣಿ ಎಂಬ ಹೆಸರು ಕರುವಿಗೆ ಸಂದಿತು. ಇನ್ನು ಕೆಲವು ತಿಂಗಳಿಗೆ ನಾನು ಪದವೀಧರೆಯಾಗುತ್ತೇನೆ. ಆ ಖರ್ಚಿಗೋ ಮತ್ತಾವುದಕ್ಕೋ ಒಂದು ದಿನ ಆ ಕರುವನ್ನು ಮಾರಬೇಕಾಗಿ ಬರಬಹುದು. ಬಂದರೆ ಹಗ್ಗವನ್ನು ನಾವು ಬಿಚ್ಚಿಟ್ಟುಕೊಳ್ಳುತ್ತೇವೆ. ಹೆಸರನ್ನು ಮಾತ್ರ ಕೊಂಡವರ ಮನೆಯ ಹುಡುಗಿಗೆ ನಾನೇ ಹೇಳಿ ಕಳುಹಿಸುತ್ತೇನೆ.