ಅಸಲಿ ಗಡಿಯಾರಗಳ ಊರಿನಲ್ಲಿ ನಕಲಿಯ ಮಾತು

ಜಿನೀವಾದಲ್ಲಿ ಗಂಟೆ ಎಷ್ಟೆಂದು ಯಾರನ್ನೂ ಕೇಳಬೇಕಾಗಿಲ್ಲ. ಸರೋವರದ ದಂಡೆಯ ಕಟ್ಟಡಗಳ ನೆತ್ತಿಯ ಮೇಲೆ ಗಡಿಯಾರ ಕಂಪನಿಗಳ ಹೆಸರುಗಳು ಸಾಲಾಗಿ ನಿಂತಿವೆ. ದಡದ ಉದ್ಯಾನದಲ್ಲಿ 1955ರಿಂದ ಒಂದು ಹೂವಿನ ಗಡಿಯಾರವಿದೆ. ಸಾವಿರಾರು ಗಿಡಗಳನ್ನು ನೆಟ್ಟು ಮಾಡಿದ ಅದರ ಮುಖ 5 ಮೀಟರ್ ಅಗಲ, ಸೆಕೆಂಡಿನ ಮುಳ್ಳೇ ಎರಡೂವರೆ ಮೀಟರ್ ಉದ್ದ. ಋತು ಬದಲಾದಂತೆ ಹೂವೂ ಬದಲಾಗುತ್ತದೆ, ಸಮಯ ಮಾತ್ರ ತಪ್ಪುವುದಿಲ್ಲ.

ಎಲ್ಲ ಪ್ರವಾಸಿಗರೂ ಫೋಟೊ ತೆಗೆಸಿಕೊಳ್ಳುವ ನೀರಿನ ಚಿಲುಮೆಗೂ ಗಡಿಯಾರಕ್ಕೂ ನಂಟಿದೆ ಎಂದರೆ ನಂಬುತ್ತೀರಾ? ಈಗ ಅದು 140 ಮೀಟರ್ ಎತ್ತರಕ್ಕೆ ಚಿಮ್ಮುತ್ತದೆ. 1886ರಲ್ಲಿ ಶುರುವಾದಾಗ ಅದು ಅಲಂಕಾರಕ್ಕೆಂದು ಮಾಡಿದ್ದಲ್ಲ. ರೋನ್ ನದಿಯ ನೀರಿನ ಒತ್ತಡದಿಂದ ಊರಿನ ಕುಶಲಕರ್ಮಿಗಳ ಯಂತ್ರಗಳು ನಡೆಯುತ್ತಿದ್ದವು. ಸಂಜೆ ಅವರು ಕೆಲಸ ಮುಗಿಸಿ ಯಂತ್ರ ನಿಲ್ಲಿಸಿದಾಗ ಕೊಳವೆಗಳಲ್ಲಿ ಒತ್ತಡ ಏರುತ್ತಿತ್ತು. ಅದನ್ನು ಹೊರಕ್ಕೆ ಬಿಡಲು ಇಟ್ಟ ದಾರಿಯೇ ಆ ಚಿಲುಮೆ. 1891ರಲ್ಲಿ ಅದನ್ನು ಸರೋವರದ ಬಾಯಿಗೆ ತಂದರು.

ನಾನು ಈ ಊರಿಗೆ ಹೋದದ್ದು ಮಗಳು ಅಳಿಯ ಅಲ್ಲಿದ್ದಾರೆಂದು. ಜೊತೆಗೆ ಬೀಗರೂ ಬಂದಿದ್ದರು. ನಮ್ಮ ಬೀಗರಿಗೆ ಒಂದು ವಿಚಿತ್ರ ಹವ್ಯಾಸ: ದುಬಾರಿ ಕೈಗಡಿಯಾರಗಳ ನಕಲು ಸಂಗ್ರಹಿಸುವುದು. ಬ್ಯಾಂಕಾಕ್, ಹಾಂಗ್‌ಕಾಂಗ್, ದುಬೈ ಎಂದು ತಿರುಗಿದಾಗಲೆಲ್ಲ ಕೊಂಡ ಹನ್ನೊಂದು ಗಡಿಯಾರಗಳು ಅವರಲ್ಲಿವೆ. ಕೊಂಡು ಸುಮ್ಮನಾಗುವವರಲ್ಲ. ರಿಪೇರಿಯವರು ಕಣ್ಣಿಗೆ ಸಿಕ್ಕಿಸಿಕೊಳ್ಳುವ ಮಸೂರವನ್ನು ಹಾಕಿಕೊಂಡು ಒಂದೊಂದನ್ನೂ ಪರೀಕ್ಷಿಸಿ, ಮೇಷ್ಟರ ಹಾಗೆ ನೂರಕ್ಕೆ ಅಂಕ ಕೊಡುತ್ತಾರೆ. ತೂಕಕ್ಕೆ 10, ಪಟ್ಟಿಯ ಕೀಲುಗಳಿಗೆ 15, ಡಯಲ್ಲಿನ ಅಕ್ಷರಕ್ಕೆ 25, ಮುಳ್ಳಿನ ನಡಿಗೆಗೆ 25, ಒಳಗಿನ ಯಂತ್ರಕ್ಕೆ 25. ಇದುವರೆಗೆ ಯಾವುದೂ 80 ದಾಟಿಲ್ಲವಂತೆ.

ಅವರಿಂದ ನಾನೂ ಸ್ವಲ್ಪ ಕಲಿತೆ. ಬ್ಯಾಟರಿ ಗಡಿಯಾರದ ಮುಳ್ಳು ಸೆಕೆಂಡಿಗೊಮ್ಮೆ ಟಿಕ್ ಎಂದು ಜಿಗಿಯುತ್ತದೆ. ಈಗಿನ ಬಹುತೇಕ ರೋಲೆಕ್ಸ್‌ಗಳ ಮುಳ್ಳು ಒಂದು ಸೆಕೆಂಡಿಗೆ ಎಂಟು ಪುಟ್ಟ ಹೆಜ್ಜೆ ಇಡುವುದರಿಂದ ತೇಲಿಕೊಂಡು ಹೋದಂತೆ ಕಾಣುತ್ತದೆ. ತಾರೀಖಿನ ಮೇಲಿನ ಪುಟ್ಟ ಭೂತಗನ್ನಡಿ ಅಂಕಿಯನ್ನು ಎರಡೂವರೆ ಪಟ್ಟು ದೊಡ್ಡದು ಮಾಡಬೇಕು. ಅಗ್ಗದ ನಕಲಿನಲ್ಲಿ ಅಂಕಿ ಚಿಕ್ಕದಾಗಿಯೇ ಉಳಿಯುತ್ತದೆ, ಇಲ್ಲವೇ ಒಂದು ಬದಿಗೆ ಸರಿದಿರುತ್ತದೆ. ಅಕ್ಷರದ ಅಂಚು ಮಸೂರದಡಿ ಹರಿತವಾಗಿರಬೇಕು, ಶಾಯಿ ಹರಡಿರಬಾರದು. ಆದರೆ ಈಗ ಇವೆಲ್ಲದರಲ್ಲೂ ಪಾಸಾಗುವ ನಕಲುಗಳು ಬಂದಿವೆ. ಅವುಗಳ ಬೆನ್ನು ಬಿಚ್ಚಿ ಯಂತ್ರ ನೋಡದೆ ಪಳಗಿದವರೂ ತೀರ್ಪು ಹೇಳಲಾರರು.

ಹೊರಡುವ ಮೊದಲೇ ಅಳಿಯ ಅವರಿಗೆ ಫೋನಿನಲ್ಲಿ ಎಚ್ಚರಿಸಿದ್ದ: "ಅಪ್ಪಾ, ಅವುಗಳಲ್ಲಿ ಒಂದನ್ನೂ ಕಟ್ಟಿಕೊಂಡು ಬರಬೇಡಿ." ಸ್ವಿಟ್ಜರ್ಲೆಂಡಿನಲ್ಲಿ 2008ರ ಜುಲೈನಿಂದ ಜಾರಿಯಲ್ಲಿರುವ ಕಾನೂನಿನ ಪ್ರಕಾರ ಪ್ರವಾಸಿಯ ಸ್ವಂತ ಬಳಕೆಯ ನಕಲಿ ಗಡಿಯಾರವನ್ನೂ ಕಸ್ಟಮ್ಸ್‌ನವರು ಕಿತ್ತುಕೊಂಡು ನಾಶ ಮಾಡಬಹುದು. ಹೀಗಾಗಿ ಬೀಗರು ಗಡಿಯಾರಗಳ ಊರಿಗೆ ಬರಿಗೈಯಲ್ಲೇ ಬಂದಿಳಿದರು.

ರೋನ್ ನದಿಯ ಬಲದಂಡೆಯಲ್ಲಿ ಸೇಂಟ್ ಜರ್ವೇ ಎಂಬ ಬಡಾವಣೆ ಇದೆ. ಹಿಂದೆ ಗಡಿಯಾರ ಕೆಲಸಗಾರರು ಇದ್ದದ್ದು ಇಲ್ಲೇ. ಸಣ್ಣ ಹಲ್ಲಿನ ಚಕ್ರಗಳ ಕೆಲಸಕ್ಕೆ ಬೆಳಕು ಬೇಕಲ್ಲವೇ? ಅದಕ್ಕೇ ಮನೆಗಳ ಅಟ್ಟದಲ್ಲಿ, ಕಿಟಕಿಯ ಪಕ್ಕ ಕೂತು ಕೆಲಸ ಮಾಡುತ್ತಿದ್ದರು. ಇದಕ್ಕೆ ಬೀಜ ಬಿದ್ದದ್ದು 16ನೇ ಶತಮಾನದಲ್ಲಿ. ಧರ್ಮಸುಧಾರಕ ಕ್ಯಾಲ್ವಿನ್‌ನ ಕಾಲದಲ್ಲಿ ಒಡವೆ ತೊಡುವುದಕ್ಕೆ ನಿರ್ಬಂಧ ಬಂತು. ಅಕ್ಕಸಾಲಿಗರಿಗೆ ಕೆಲಸ ತಪ್ಪಿತು. ಅದೇ ಹೊತ್ತಿಗೆ ಫ್ರಾನ್ಸಿನಿಂದ ಓಡಿಬಂದ ಪ್ರಾಟೆಸ್ಟೆಂಟರಲ್ಲಿ ಗಡಿಯಾರ ಬಲ್ಲವರಿದ್ದರು. ಎರಡು ಕಸುಬೂ ಕೂಡಿದವು. 1601ರಲ್ಲಿ ಇಲ್ಲಿ ಗಡಿಯಾರ ತಯಾರಕರ ಸಂಘವೇ ಹುಟ್ಟಿತು.

ಪ್ಲಾನ್‌ಪಲೇ ಎಂಬಲ್ಲಿ ಪಾಟೆಕ್ ಫಿಲಿಪ್ ಕಂಪನಿಯ ವಸ್ತುಸಂಗ್ರಹಾಲಯವಿದೆ. 2001ರಲ್ಲಿ ತೆರೆದದ್ದು. ಐನೂರು ವರ್ಷಗಳ ಗಡಿಯಾರಗಳು ಗಾಜಿನ ಪೆಟ್ಟಿಗೆಗಳಲ್ಲಿ ಕುಳಿತಿವೆ. ಹಳೆಯ ಕೆಲಸದ ಮೇಜು, ಅರ, ಚಿಮಟಗಳೂ ಇವೆ. ಬೀಗರು ಒಂದೊಂದು ಪೆಟ್ಟಿಗೆಯ ಮುಂದೆಯೂ ದೇವರ ಮುಂದೆ ನಿಂತಂತೆ ನಿಂತರು. ಮಸೂರ ಜೇಬಿನಲ್ಲೇ ಇತ್ತು, ಹೊರಗೆ ತೆಗೆಯಲಿಲ್ಲ.

ಅಲ್ಲೇ ಅವರು ನನಗೊಂದು ಸಂಗತಿ ಹೇಳಿದರು. "ಬೀಗರೇ, ಈಗ ನಕಲಿಗೆ ಇಷ್ಟು ಬೈಯುವ ಇವರ ಹಿರಿಯರೂ ಒಂದು ಕಾಲಕ್ಕೆ ನಕಲು ಮಾಡಿದವರೇ!" ಮಾತು ನಿಜ. 18ನೇ ಶತಮಾನದಲ್ಲಿ ಲಂಡನ್ನಿನ ಗಡಿಯಾರಕ್ಕೆ ಬಹಳ ಹೆಸರಿತ್ತು. ಆಗ ಜಿನೀವಾ ಕಡೆಯಲ್ಲಿ ಗಡಿಯಾರ ಮಾಡಿ, ಹಾಲೆಂಡಿನ ಶೈಲಿಯ ಡಯಲ್ ಕೂರಿಸಿ, 'ಲಂಡನ್' ಎಂದು ಸುಳ್ಳು ಹೆಸರು ಕೆತ್ತಿ ಮಾರುತ್ತಿದ್ದರು. ಸಂಗ್ರಾಹಕರು ಅವನ್ನು ಇಂದಿಗೂ 'ಡಚ್ ಫೋರ್ಜರಿ' ಎಂದೇ ಕರೆಯುತ್ತಾರೆ. ತಮಾಷೆ ಎಂದರೆ ಆ ನಕಲುಗಳಿಗೂ ಈಗ ಸಂಗ್ರಾಹಕರಿದ್ದಾರೆ.

ಸ್ವಿಟ್ಜರ್ಲೆಂಡಿನಲ್ಲಿ ಹುಟ್ಟಿ ಪ್ಯಾರಿಸ್ಸಿನಲ್ಲಿ ಹೆಸರು ಮಾಡಿದ ಬ್ರೆಗೆ ಎಂಬ ಗಡಿಯಾರಗಾರನಿಗೂ ನಕಲಿನ ಕಾಟ ತಪ್ಪಲಿಲ್ಲ. 1795ರ ಸುಮಾರಿಗೆ ಅವನೊಂದು ಉಪಾಯ ಮಾಡಿದ. ಡಯಲ್ಲಿನಲ್ಲಿ ಹನ್ನೆರಡರ ಅಂಕಿಯ ಬಳಿ ಬರಿಗಣ್ಣಿಗೆ ಸುಲಭವಾಗಿ ಕಾಣದಷ್ಟು ಸೂಕ್ಷ್ಮವಾಗಿ ತನ್ನ ರುಜು ಕೆತ್ತಿಸಿದ. ಡಯಲ್ಲನ್ನು ಬೆಳಕಿಗೆ ಓರೆಯಾಗಿ ಹಿಡಿದರೆ ಮಾತ್ರ ಅದು ಕಾಣುತ್ತದೆ. ಇದನ್ನು ಕೇಳಿ ನನಗೆ ಕೌಂಟರಿನ ದಿನಗಳು ನೆನಪಾದವು. ನಮ್ಮ ನೋಟನ್ನು ಕಣ್ಣಿನ ಮಟ್ಟಕ್ಕೆ ಓರೆಯಾಗಿ ಹಿಡಿದರೆ ಅಡಗಿದ ಅಂಕಿ ಕಾಣುವುದಿಲ್ಲವೇ? ಇನ್ನೂರು ವರ್ಷ ಕಳೆದರೂ ಅದೇ ಯುಕ್ತಿ!

ರುಜುವಿನ ವಿಷಯದಲ್ಲಿ ಇನ್ನೊಂದು ಮಾತು. ಚೆಕ್ಕಿನ ಸಹಿಯನ್ನು ಮಾದರಿ ಸಹಿಯ ಕಾರ್ಡಿಗೆ ಹೋಲಿಸುವುದು ಎಷ್ಟೋ ವರ್ಷ ನನ್ನ ಕೆಲಸವಾಗಿತ್ತು. ಗ್ರಾಹಕರು ಸ್ವತಃ ಹಾಕಿದ ಸಹಿ ದಿನಕ್ಕೊಂದು ಚೂರು ಬದಲಾಗುತ್ತದೆ. ಕಾರ್ಡಿನಲ್ಲಿರುವಂತೆ ಕೂದಲೆಳೆಯೂ ವ್ಯತ್ಯಾಸವಿಲ್ಲದೆ ಬಂದ ಸಹಿಯ ಮೇಲೆಯೇ ನನಗೆ ಹೆಚ್ಚು ಅನುಮಾನ ಬರುತ್ತಿತ್ತು. ಬರೆದದ್ದು ಬೇರೆ, ನೋಡಿ ಬಿಡಿಸಿದ್ದು ಬೇರೆ.

ಮುಂದೆ ಜಿನೀವಾದ ಹೆಸರಿಗೇ ಕಳ್ಳರು ಹುಟ್ಟಿಕೊಂಡರು. ಬೇರೆಲ್ಲೋ ಮಾಡಿದ ಗಡಿಯಾರಗಳು 'ಜಿನೀವಾ' ಎಂಬ ಮೊಹರು ಹೊತ್ತು ಮಾರುಕಟ್ಟೆಗೆ ಬಂದವು. ಚಿಲುಮೆ ಹುಟ್ಟಿದ ಅದೇ 1886ರ ನವೆಂಬರಿನಲ್ಲಿ ಇಲ್ಲಿನ ಸರ್ಕಾರ ಕಾನೂನು ಮಾಡಿ 'ಜಿನೀವಾ ಮುದ್ರೆ'ಯನ್ನು ಜಾರಿಗೆ ತಂದಿತು. ಊರಿನ ಲಾಂಛನದ ಅರ್ಧ ಹದ್ದು ಮತ್ತು ಒಂದು ಬೀಗದ ಕೈ ಅದರ ಗುರುತು. ಇಲ್ಲಿಯೇ ಜೋಡಿಸಿ, ಕುಸುರಿಯ ಪರೀಕ್ಷೆಯಲ್ಲಿ ಗೆದ್ದ ಯಂತ್ರಕ್ಕೆ ಮಾತ್ರ ಆ ಮುದ್ರೆ. ಲಂಡನ್ನಿನ ಹೆಸರನ್ನು ಎರವಲು ಪಡೆದ ಊರು ನೂರು ವರ್ಷಗಳಲ್ಲಿ ತನ್ನ ಹೆಸರನ್ನು ಕಾಯುವಂತಾಯಿತು.

ಹೊರಗೆ ಬಂದಾಗ ಹತ್ತು ವರ್ಷದ ಮೊಮ್ಮಗ ಕೇಳಿದ: "ತಾತ, ನೋಡೋಕೆ ಎರಡೂ ಒಂದೇ ಥರ ಇದ್ದು, ಎರಡೂ ಸರಿಯಾದ ಟೈಮ್ ತೋರಿಸಿದ್ರೆ ನಕಲಿ ಇಟ್ಕೊಳ್ಳೋದ್ರಲ್ಲಿ ತಪ್ಪೇನು?" ಬೀಗರು ನನ್ನ ಮುಖ ನೋಡಿದರು.

ನಾನು ಅವನಿಗೆ ನಮ್ಮ ಎಚ್‌ಎಂಟಿಯ ಕಥೆ ಹೇಳಿದೆ. 1961ರಲ್ಲಿ ಬೆಂಗಳೂರಿನಲ್ಲಿ ಕೈಗಡಿಯಾರ ಮಾಡಲು ಹೊರಟಾಗ ನಮಗೆ ಆ ವಿದ್ಯೆ ತಿಳಿದಿರಲಿಲ್ಲ. ಜಪಾನಿನ ಸಿಟಿಜನ್ ಕಂಪನಿಯ ಜೊತೆ ಒಪ್ಪಂದ ಮಾಡಿಕೊಂಡು ಅವರಿಂದ ಕಲಿತೆವು. ಯಂತ್ರ ಅವರ ಮಾದರಿಯದೇ. ಆದರೆ ಡಯಲ್ಲಿನ ಮೇಲೆ ಬರೆದದ್ದು ಎಚ್‌ಎಂಟಿ ಎಂದು. ಕೆಟ್ಟರೆ ಜವಾಬು ಹೇಳುವವರು ನಾವೇ. "ನೋಡಿ ಕಲಿಯುವುದು ತಪ್ಪಲ್ಲ ಪುಟ್ಟಾ, ನೀನೂ ಕಾಪಿ ಬರೆದೇ ಅಕ್ಷರ ಕಲಿತೆ. ಕೊನೆಗೆ ಪುಸ್ತಕದ ಮೇಲೆ ನಿನ್ನ ಹೆಸರು ಬರೆಯಬೇಕು, ಪಕ್ಕದವನದ್ದಲ್ಲ."

ಬೀಗರು ಮೆಲ್ಲಗೆ, "ನಾನು ಯಾರಿಗೂ ಅಸಲಿ ಅಂತ ಹೇಳಿಲ್ಲವಲ್ಲ ಬೀಗರೇ" ಎಂದರು. ಅದೂ ನಿಜ. ಆಗ ನಾನು ಬ್ಯಾಂಕಿನಲ್ಲಿ ಕಂಡ ಒಂದು ಘಟನೆ ಹೇಳಿದೆ. ಗಂಡ ತೀರಿಕೊಂಡ ಮೇಲೆ ಒಬ್ಬ ತಾಯಿ ಅವರ 'ಚಿನ್ನದ ಗಡಿಯಾರ'ವನ್ನು ಕರ್ಚೀಫಿನಲ್ಲಿ ಸುತ್ತಿಕೊಂಡು ಬಂದು, ಅಡವಿಟ್ಟರೆ ಎಷ್ಟು ಸಿಗುತ್ತದೆ ಎಂದು ಕೇಳಿದರು. ಮಗನ ಕಾಲೇಜಿನ ಫೀಜಿಗೆ ಅದನ್ನೇ ನೆಚ್ಚಿದ್ದರು. ಚಿನ್ನ ಪರೀಕ್ಷಿಸುವವರು ಒರೆಗಲ್ಲಿಗೆ ಉಜ್ಜಿದರು, ಬರೀ ಲೇಪನ. ಆ ಯಜಮಾನರು ಯಾರಿಗೂ ಸುಳ್ಳು ಹೇಳಿರಲಿಕ್ಕಿಲ್ಲ. ಆದರೆ ಅದು ನಕಲಿ ಎಂದು ಮನೆಯಲ್ಲಿ ತಿಳಿಸಿರಲೂ ಇಲ್ಲ. ನಾವು ಸುಮ್ಮನಿದ್ದರೂ ಗಡಿಯಾರದ ಮೇಲಿನ ಹೆಸರು ಸುಮ್ಮನಿರುವುದಿಲ್ಲ, ನಾವು ಹೋದ ಮೇಲೂ ಅದು ಸುಳ್ಳು ಹೇಳುತ್ತಲೇ ಇರುತ್ತದೆ.

ಬೀಗರು ಮಾತಾಡಲಿಲ್ಲ. ಊರಿಗೆ ಮರಳಿದ ತಿಂಗಳಿಗೆ ಅವರ ಮನೆಗೆ ಹೋದಾಗ ಆ ಮರದ ಪೆಟ್ಟಿಗೆ ತೆರೆದು ತೋರಿಸಿದರು. ಹನ್ನೊಂದೂ ಅಲ್ಲೇ ಇದ್ದವು. ಒಂದೊಂದಕ್ಕೂ ದಾರದಲ್ಲಿ ಚೀಟಿ ಕಟ್ಟಿತ್ತು. ಅದರ ಮೇಲೆ ದುಂಡಗಿನ ಕನ್ನಡ ಅಕ್ಷರದಲ್ಲಿ ಕೊಂಡ ಊರು, ಕೊಟ್ಟ ಬೆಲೆ, ಸಿಕ್ಕ ಅಂಕ, ಎಲ್ಲಕ್ಕಿಂತ ಮೇಲೆ ಕೆಂಪು ಶಾಯಿಯಲ್ಲಿ 'ನಕಲು'. ಇನ್ನು ಹೊಸತು ಕೊಳ್ಳುವುದಿಲ್ಲವಂತೆ. ಕೈಯಲ್ಲಿ ಕಟ್ಟಿದ್ದು ಮಾತ್ರ ಅವರ ಮದುವೆಯಲ್ಲಿ ಮಾವನವರು ಕೊಟ್ಟ ಕೀಲಿ ಕೊಡುವ ಎಚ್‌ಎಂಟಿ. ದಿನಕ್ಕೆ ಎರಡು ನಿಮಿಷ ಹಿಂದೆ ಬೀಳುತ್ತದೆಯಂತೆ. ಬೆಳಗ್ಗೆ ಕೀಲಿ ಕೊಡುವಾಗಲೇ ಅದನ್ನೂ ಸರಿ ಮಾಡಿಕೊಳ್ಳುತ್ತಾರೆ.