ಮಂಡಿಯೂರುವ ಬಸ್ಸು

ಹೆಂಗಸರಿಗೂ ಬಸ್ಸಿನ ಮೊದಲನೆಯ ಮೆಟ್ಟಿಲಿಗೂ ಹಳೆಯ ವೈರ. ಒಂದು ಕೈಯಲ್ಲಿ ಚೀಲ, ಇನ್ನೊಂದರಲ್ಲಿ ಮಗು. ನೆರಿಗೆ ಹಿಡಿಯಲು ಮೂರನೆಯ ಕೈಯೊಂದನ್ನು ದೇವರು ಕೊಡಲಿಲ್ಲ. ಕಂಡಕ್ಟರು "ಬೇಗ ಹತ್ತಮ್ಮಾ" ಎನ್ನುತ್ತಾ ಸೀಟಿ ಊದುತ್ತಾನೆ. ಇಪ್ಪತ್ತೆಂಟು ವರ್ಷ ಬಸ್ಸಿನಲ್ಲೇ ಶಾಲೆಗೆ ಹೋಗಿಬಂದವಳು ನಾನು. ನಾವು ಮೆಟ್ಟಿಲಿಗೆ ಏರಬೇಕೇ ಹೊರತು ಮೆಟ್ಟಿಲು ನಮಗಾಗಿ ಇಳಿಯುವುದಿಲ್ಲ ಎಂದೇ ನಂಬಿದ್ದೆ.

ಇಳಿಯುವುದನ್ನು ಮೊದಲು ಕಂಡದ್ದು ಬೆಂಗಳೂರಿನಲ್ಲಿ. 2006ರ ಸುಮಾರಿಗೆ ಅಲ್ಲಿ ತಗ್ಗು ನೆಲದ ವೋಲ್ವೋ ನಗರ ಬಸ್ಸುಗಳು ಓಡಾಡತೊಡಗಿದ್ದವು. ಅದಾದ ಒಂದೆರಡು ವರ್ಷಕ್ಕೆ ಮಂಡಿನೋವಿನ ನಮ್ಮ ಅತ್ತೆಯವರನ್ನು ಡಾಕ್ಟರಿಗೆ ತೋರಿಸಲು ಕರೆದುಕೊಂಡು ಹೋಗಿದ್ದೆ. ಅವರು ಬಾಗಿಲ ಮುಂದೆ ಅನುಮಾನಿಸುತ್ತಾ ನಿಂತದ್ದನ್ನು ನೋಡಿ ಡ್ರೈವರು ಯಾವುದೋ ಗುಂಡಿ ಒತ್ತಿದ. ಬಸ್ಸು 'ಬುಸ್' ಎಂದು ಉಸಿರು ಬಿಟ್ಟಿತು; ಬಾಗಿಲ ಕಡೆಯ ಮೈ ಎರಡು ಮೂರು ಇಂಚು ಕೆಳಗೆ ವಾಲಿತು. ಅತ್ತೆ ಗಾಬರಿಯಾಗಿ, "ಪಂಕ್ಚರ್ ಆಯ್ತೇನೇ?" ಎಂದರು. ಹತ್ತಿ ಕೂತು ಸುಧಾರಿಸಿಕೊಂಡ ಮೇಲೆ, "ನನ್ನ ಮಂಡಿ ಬಗ್ಗಲ್ಲ ಅಂತ ಅದೇ ಮಂಡಿ ಬಗ್ಗಿಸ್ತು ನೋಡು" ಎಂದು ಊರಿಗೆ ಬಂದು ಬೀದಿಯವರಿಗೆಲ್ಲ ಹೇಳಿದರು.

ಎರಡು ಇಂಚು ಎಂದರೆ ನಗುವವರು ಮಂಡಿನೋವು ಬಂದಿಲ್ಲದವರು. ವಿಕಲಚೇತನರ ಹಕ್ಕುಗಳಿಗಾಗಿ 2016ರಲ್ಲಿ ಬಂದ ಕಾಯ್ದೆ, ಬಸ್ಸು ರೈಲುಗಳು ಎಲ್ಲರೂ ಹತ್ತುವಂತಿರಬೇಕು ಎನ್ನುತ್ತದೆ. ಆದರೆ ಬಾಗಬಲ್ಲ ಬಸ್ಸು ಬಂದರೂ ಡ್ರೈವರು ಗುಂಡಿ ಒತ್ತಬೇಕಲ್ಲ! ಅದಕ್ಕೆ ನಾವು ಬಾಯಿಬಿಟ್ಟು ಕೇಳಬೇಕು. ಕೇಳಲು ಸಂಕೋಚವೇಕೆ?

ಬಸ್ಸು ಬಾಗುವುದು ಹೇಗೆಂಬ ಕುತೂಹಲ ಮಾತ್ರ ನನ್ನಲ್ಲಿ ಉಳಿದೇ ಇತ್ತು. ಅದನ್ನು ತಣಿಸಿದವನು ನನ್ನ ಹಳೆಯ ವಿದ್ಯಾರ್ಥಿಯೊಬ್ಬ. ಎಸ್ಸೆಸ್ಸೆಲ್ಸಿಯಲ್ಲಿ ಹಿಂದಿನ ಬೆಂಚಿನವನು. ಈಗ ನಮ್ಮೂರಿನ ಹೆದ್ದಾರಿ ಬದಿಯಲ್ಲಿ ಬಸ್ಸು ಲಾರಿಗಳ ಗ್ಯಾರೇಜು ಇಟ್ಟಿದ್ದಾನೆ. ಅಂದು ನಾನು ಪಾಠ ಮಾಡಿದ್ದಕ್ಕಿಂತ ಚೆನ್ನಾಗಿ ಇಂದು ಅವನು ನನಗೆ ಪಾಠ ಮಾಡಿದ.

ಹಳೆಯ ಬಸ್ಸುಗಳ ಭಾರ ಹೊರುವುದು ಕಬ್ಬಿಣದ ಕಮಾನು ಪಟ್ಟಿಗಳು. ಈ ಬಸ್ಸುಗಳಲ್ಲಿ ಆ ಜಾಗದಲ್ಲಿ ದಪ್ಪ ರಬ್ಬರಿನ ಗಾಳಿಚೀಲಗಳಿವೆ, ಕಮ್ಮಾರನ ಕುಲುಮೆಯ ತಿದಿಯ ಹಾಗೆ. ಎಂಜಿನ್ನಿನ ಜೊತೆ ತಿರುಗುವ ಕಂಪ್ರೆಸರು ಗಾಳಿಯನ್ನು ಒತ್ತಿ ಟ್ಯಾಂಕಿಗೆ ತುಂಬುತ್ತದೆ, ಅಲ್ಲಿಂದ ಚೀಲಗಳಿಗೆ. ಗಾಳಿಯನ್ನು ಕಿರಿದಾದ ಜಾಗಕ್ಕೆ ಒತ್ತಿದಷ್ಟೂ ಅದು ಜೋರಾಗಿ ತಿರುಗಿ ಒತ್ತುತ್ತದೆ ಎಂದು ರಾಬರ್ಟ್ ಬಾಯ್ಲ್ 1662ರಲ್ಲೇ ಬರೆದಿಟ್ಟಿದ್ದಾನೆ. ಅಚ್ಚಿಗೂ ಬಸ್ಸಿನ ಮೈಗೂ ನಡುವೆ ಒಂದು ಸಣ್ಣ ಕಡ್ಡಿಯಿದೆ. ಜನ ಹತ್ತಿ ಬಸ್ಸು ಕುಸಿದರೆ ಆ ಕಡ್ಡಿ ವಾಲ್ವು ತೆರೆದು ಚೀಲಕ್ಕೆ ಗಾಳಿ ಬಿಡುತ್ತದೆ. ಜನ ಇಳಿದು ಬಸ್ಸು ಮೇಲೆದ್ದರೆ ಗಾಳಿಯನ್ನು ಹೊರಗೆ ಬಿಡುತ್ತದೆ. ಹಾಗಾಗಿ ಖಾಲಿಯಿರಲಿ, ತುಂಬಿರಲಿ, ಬಸ್ಸಿನ ಎತ್ತರ ಒಂದೇ. ಡ್ರೈವರು ಗುಂಡಿ ಒತ್ತಿದಾಗ ಬಾಗಿಲ ಕಡೆಯ ಚೀಲಗಳು ಒಂದಿಷ್ಟು ಗಾಳಿ ಬಿಡುತ್ತವೆ, ಅಷ್ಟೇ.

"ಹಾಗಾದರೆ ಇಡೀ ಬಸ್ಸು ನಿಂತಿರುವುದು ಗಾಳಿಯ ಮೇಲೆಯೇ?" ಎಂದೆ.

"ಹೌದು ಮಿಸ್, ಅದಕ್ಕೇ ಅದರ ಕೆಳಗೆ ಯಾರೂ ಹೋಗಬಾರದು" ಎಂದು ಅವನು ಗಂಭೀರನಾದ.

ಮೊದಲು ಅವನು ಕೆಲಸಕ್ಕಿದ್ದ ಗ್ಯಾರೇಜಿನಲ್ಲಿ ನಡೆದ ಸಂಗತಿ ಅದು. ಯಾವ ಊರು, ಯಾರದು ಎಂದು ಅವನು ಹೇಳಲಿಲ್ಲ, ನಾನೂ ಕೇಳಲಿಲ್ಲ. ಗಾಳಿ ಎಲ್ಲಿ ಸೋರುತ್ತಿದೆ ಎಂದು ನೋಡಲು ಇವನ ಜೊತೆಗಾರ ಚಕ್ರದ ಮೇಲಿನ ಸಂದಿಗೆ ತಲೆ ಹಾಕಿ ಕೊಳವೆಯ ತಿರುಪು ಸಡಿಲಿಸಿದ. ಆಸರೆಗೆ ಏನನ್ನೂ ಇಟ್ಟಿರಲಿಲ್ಲ. ಗಾಳಿ ಒಮ್ಮೆಲೇ ಹೊರಟು ಬಸ್ಸು ಕುಸಿಯಿತು. ತಲೆ ಹಿಂದಕ್ಕೆಳೆದುಕೊಂಡನಂತೆ, ತೋಳು ಉಳಿಯಲಿಲ್ಲ. "ನಾನು ಆ ಕಡೆ ಪಾನೆ ಹಿಡ್ಕೊಂಡು ನಿಂತಿದ್ದೆ ಮಿಸ್. ಕಣ್ಣು ಮಿಟುಕಿಸೋ ಅಷ್ಟು ಹೊತ್ತೂ ಆಗಲಿಲ್ಲ" ಎಂದು ಹೇಳಿ ಸುಮ್ಮನಾದ.

ನನಗೆ ನಮ್ಮ ತಂದೆ ನೆನಪಾದರು. ಎತ್ತು ಬಿಚ್ಚಿದ ಮೇಲೆ ಗಾಡಿಯ ಮೂಕಿಗೆ ಊರುಗೋಲು ಕೊಡದೆ ಅವರು ಮಕ್ಕಳನ್ನು ಹತ್ತಿರ ಸೇರಿಸುತ್ತಿರಲಿಲ್ಲ. ಎತ್ತಿನ ಹೆಗಲ ಮೇಲಿದ್ದ ಭಾರ ಎತ್ತು ಹೋದ ಕ್ಷಣ ನೆಲ ಹುಡುಕುತ್ತದೆ. ಚೀಲದಲ್ಲಿನ ಗಾಳಿಯೂ ಅಂಥದೇ ಎತ್ತು.

ಈಗ ಅವನ ಗ್ಯಾರೇಜಿನ ಪದ್ಧತಿ ಹೀಗಿದೆ. ಬಸ್ಸು ಸಮನೆಲದಲ್ಲೇ ನಿಲ್ಲಬೇಕು. ಕೈಬ್ರೇಕು ಹಾಕಿ, ಚಕ್ರಗಳ ಹಿಂದೆ ಮುಂದೆ ಮರದ ಅಡ್ಡೆ ಕೊಡಬೇಕು. ಜಾಕಿ ಇರುವುದು ಎತ್ತುವುದಕ್ಕೆ, ಹೊತ್ತು ನಿಲ್ಲುವುದಕ್ಕಲ್ಲ. ಆದ್ದರಿಂದ ಎತ್ತಿದ ಮೇಲೆ ಕಂಪನಿಯವರು ಗುರುತಿಸಿದ ಜಾಗದಲ್ಲೇ ಚಾಸಿಗೆ ಕಬ್ಬಿಣದ ಸ್ಟ್ಯಾಂಡುಗಳನ್ನು ಇಡಬೇಕು. ಇಟ್ಟಿಗೆ ಕಲ್ಲುಗಳ ಗೋಪುರ ಕೂಡದು. ಸುತ್ತ ಒಮ್ಮೆ ನೋಡಿ, "ಇಳಿಸ್ತೀನಿ" ಎಂದು ಕೂಗಿ, ನಿಧಾನವಾಗಿ ಇಳಿಸಿ ಸ್ಟ್ಯಾಂಡಿನ ಮೇಲೆ ಭಾರ ಕೂರಿಸಬೇಕು. ಎಂಜಿನ್ ನಿಲ್ಲಿಸಿ, ಚೀಲದ ಗಾಳಿಯನ್ನು ಪೂರ್ತಿ ಬಿಟ್ಟು, ಆಮೇಲೆಯೇ ಕೊಳವೆಗೆ ಕೈ ಹಾಕಬೇಕು. ಕೆಲಸ ಮುಗಿದರೂ ಅವಸರವಿಲ್ಲ. ಕೆಳಗೆ ಯಾರೂ ಇಲ್ಲವೆಂದು ನೋಡಿ ಗಾಳಿ ತುಂಬಿಸಿ, ಬಸ್ಸು ತನ್ನ ಎತ್ತರಕ್ಕೆ ಬಂದ ಮೇಲೆ ಸ್ಟ್ಯಾಂಡು ತೆಗೆಯಬೇಕು. ಬ್ರೇಕಿಗೆ ಬೇಕಾದ ಗಾಳಿಯೂ ಅದೇ ಕಂಪ್ರೆಸರಿನದು; ಮುಳ್ಳು ಸರಿಯಾದ ಗುರುತಿಗೆ ಬರುವ ತನಕ ಬಸ್ಸು ಕದಲಬಾರದು.

ಇದು ದೊಡ್ಡ ಗಾಡಿಗಳ ಕಥೆ ಮಾತ್ರವಲ್ಲ. ಕೆಲವು ದುಬಾರಿ ಕಾರುಗಳಲ್ಲಿಯೂ ಗಾಳಿಚೀಲಗಳಿವೆ. ಚಕ್ರ ಬದಲಿಸಲು ಒಂದು ಮೂಲೆ ಎತ್ತಿದರೆ ಕಾರು ತನ್ನಷ್ಟಕ್ಕೆ ತಾನು ಮಟ್ಟ ಸರಿಪಡಿಸಿಕೊಳ್ಳಲು ಹೊರಟೀತು. ಜಾಕಿ ಕೊಡುವ ಮುಂಚೆ ಅದನ್ನು ತಡೆದಿಡುವ ವ್ಯವಸ್ಥೆಯನ್ನು ಹಲವು ಕಾರುಗಳಲ್ಲಿ ಕೊಟ್ಟಿರುತ್ತಾರೆ; ಕಾರಿನ ಜೊತೆ ಬಂದ ಪುಸ್ತಕದಲ್ಲಿ ಅದನ್ನು ಬರೆದಿರುತ್ತಾರೆ. ಆ ಪುಸ್ತಕವನ್ನು ಓದುವ ಗಂಡಸರು ನಮ್ಮಲ್ಲಿ ಕಡಿಮೆ. ನಾವೇ ಓದಿದರಾಯಿತು.

ನಾನು ಹೊರಡುವ ಹೊತ್ತಿಗೆ ಅವನ ಹೆಂಡತಿ ಮಧ್ಯಾಹ್ನದ ಬುತ್ತಿ ತಂದಳು. ಚೀಲ ಕೆಳಗಿಡುವ ಮೊದಲೇ ಅವಳ ಕಣ್ಣು ಅಲ್ಲಿ ನಿಂತಿದ್ದ ಬಸ್ಸಿನ ಅಡಿಗೆ ಹೋಯಿತು. ಒಂದು, ಎರಡು, ಮೂರು, ನಾಲ್ಕು ಎಂದು ಸ್ಟ್ಯಾಂಡುಗಳನ್ನು ಎಣಿಸಿ, ಆಮೇಲೆ "ಕೈ ತೊಳ್ಕೊಂಡು ಬನ್ನಿ" ಎಂದಳು. ದಿನವೂ ಹೀಗೆ ಎಣಿಸುತ್ತಾಳಂತೆ. ಮೂರೇ ಇದ್ದ ದಿನ ಬುತ್ತಿ ಬಿಚ್ಚುವುದಿಲ್ಲವಂತೆ.