ಕುಂಬಳೆಯ ಗದ್ದೆಯಿಂದ ಮನಾಲಿಯ ದೇವದಾರು ವನಕ್ಕೆ

ಮಧ್ಯಬೇಸಗೆಯ ರಜೆಯಲ್ಲಿ ಕಾಸರಗೋಡಿನಲ್ಲಿ ಮಂಗಳಾ ಎಕ್ಸ್‌ಪ್ರೆಸ್ ಹತ್ತಿ ದೆಹಲಿಗೆ ಹೋಗಿ, ಅಲ್ಲಿಂದ ರಾತ್ರಿಯಿಡೀ ಬಸ್ಸಿನಲ್ಲಿ ಪಯಣಿಸಿ ನಾವು ಮನಾಲಿಯನ್ನು ತಲಪಿದೆವು. ಸಮುದ್ರಮಟ್ಟದಿಂದ ಸುಮಾರು 2,000 ಮೀಟರ್ ಎತ್ತರದ ಊರು. ನಮ್ಮೂರಿನ ಬೆವರು ಇನ್ನೂ ಅಂಗಿಯಲ್ಲಿರುವಾಗಲೇ ಅಲ್ಲಿನ ಚಳಿ ಮೈಗೆ ತಾಗಿತು. ಮರುದಿನ ಬೆಳಗ್ಗೆ ಢುಂಗ್ರಿ ಎಂಬಲ್ಲಿನ ದೇವದಾರು ವನಕ್ಕೆ ನಡೆದೆವು. ಆಕಾಶವನ್ನು ಮರೆಸುವ ಮರಗಳ ನಡುವೆ ಮರದಿಂದಲೇ ಕಟ್ಟಿದ ಒಂದು ಗುಡಿ. ಒಂದರ ಮೇಲೊಂದರಂತೆ ಮೂರು ಚೌಕಾಕಾರದ ಮಾಡುಗಳು, ತುದಿಯಲ್ಲಿ ಲೋಹದ ಹೊದಿಕೆಯ ಶಂಕುವಿನಂತಹ ನಾಲ್ಕನೆಯದು. 1553ರಲ್ಲಿ ರಾಜಾ ಬಹಾದೂರ್ ಸಿಂಹನು ಕಟ್ಟಿಸಿದ ಗುಡಿಯಿದು. ಹೊರಗೋಡೆಯಲ್ಲಿ ಕಾಡುಪ್ರಾಣಿಗಳ ಕೊಂಬುಗಳು. ಬಾಗಿಲಿನ ತುಂಬ ಸೂಕ್ಷ್ಮವಾದ ಕೆತ್ತನೆ.

ದರ್ಶನದ ಸಾಲಿನಲ್ಲಿ ನಿಂತಿದ್ದಾಗ, ಐದನೆಯ ತರಗತಿಯ ನನ್ನ ಮಗಳು ಫಲಕದ ದೇವನಾಗರಿ ಅಕ್ಷರಗಳನ್ನು ಕೂಡಿಸಿ ಓದಿ, ನನ್ನ ಕೈ ಜಗ್ಗಿದಳು. "ಅಪ್ಪಾ, ಇದು ನಮ್ಮ ಹಿಡಿಂಬೆಯೇ?"

"ನಮ್ಮ" ಎಂಬ ಆ ಪದವು ನನ್ನನ್ನು ಕುಂಬಳೆ ಸಮೀಪದ ಗದ್ದೆಯೊಂದಕ್ಕೆ ಒಯ್ದಿತು.

ಹಿಂದಿನ ಚಳಿಗಾಲದಲ್ಲಿ, ಕೊಯ್ಲು ಮುಗಿದ ಆ ಗದ್ದೆಯಲ್ಲಿ ಹಿಡಿಂಬಾ ವಿವಾಹದ ಆಟವಿತ್ತು. ಯಕ್ಷಗಾನ ಕವಿ ಪಾರ್ತಿಸುಬ್ಬನ ಊರೆಂದು ಹೆಸರಾದ ಸೀಮೆಯದು. ಅಲ್ಲಿನ ಪ್ರೇಕ್ಷಕರು ಆಟವನ್ನು ಸುಮ್ಮನೆ ನೋಡುವವರಲ್ಲ, ಅದರೊಡನೆ ಮಾತನಾಡುವವರು. ದೊಂದಿಯ ಬೆಳಕಿನಲ್ಲಿ, ರಾಳದ ಬೆಂಕಿ ಭುಗಿಲೆನ್ನುತ್ತಿರಲು ಹೆಣ್ಣುಬಣ್ಣದ ಹಿಡಿಂಬೆ ಅಬ್ಬರಿಸುತ್ತ ಬಂದಳು. ಮುಂದಿನ ಚಾಪೆಯಲ್ಲಿದ್ದ ಮಕ್ಕಳು ಕಿರುಚಿ ತಾಯಂದಿರ ಸೆರಗಿನೊಳಗೆ ಅಡಗಿದರು. ಅಣ್ಣನ ಆಜ್ಞೆಯಂತೆ ಪಾಂಡವರನ್ನು ಕೊಲ್ಲಲು ಬಂದವಳು, ಮಲಗಿದ್ದವರನ್ನು ಕಾಯುತ್ತಿದ್ದ ಭೀಮನನ್ನು ಕಂಡು ಮನಸೋತಳು. ಅವಳು ಸುಂದರಿಯ ರೂಪ ತಾಳಿ, ಸ್ತ್ರೀವೇಷಧಾರಿಯು ರಂಗಸ್ಥಳಕ್ಕೆ ಬಂದೊಡನೆ ಹಿಂದಿನ ಸಾಲಿನ ಯುವಕರ ಶಿಳ್ಳೆ ಕೇಳಿಸಿತು. ಏನು ಉತ್ತರಿಸಬೇಕೆಂದು ತೋಚದೆ ಭೀಮನು ಗದೆಯನ್ನು ಒಂದು ಹೆಗಲಿನಿಂದ ಇನ್ನೊಂದಕ್ಕೆ ಬದಲಿಸಿದಾಗ ಇಡೀ ಗದ್ದೆಯೇ ನಕ್ಕಿತು. ಅಡಗಿದ್ದ ಮಕ್ಕಳೂ ಸೆರಗಿನಿಂದ ಹೊರಬಂದು ನಕ್ಕರು.

ಆದರೆ ಕಥೆಯ ಕೊನೆಗೆ ನಗುವಿರಲಿಲ್ಲ. ಘಟೋತ್ಕಚನು ಹುಟ್ಟಿದ ಬಳಿಕ ಪಾಂಡವರು ಮುಂದೆ ಸಾಗಿದರು. ಹಿಡಿಂಬೆ ಮಗನೊಡನೆ ಕಾಡಿನಲ್ಲಿ ಉಳಿದಳು. ಚೆಂಡೆ ನಿಂತು ಮದ್ದಳೆಯೊಂದೇ ಮೆಲ್ಲನೆ ನುಡಿಯುತ್ತಿತ್ತು. ನನ್ನ ಪಕ್ಕದಲ್ಲಿ ಕುಳಿತಿದ್ದ ಅಜ್ಜಿಯೊಬ್ಬರು ಎಲೆಯಡಿಕೆಯ ಚೀಲವನ್ನು ಮಡಿಲಲ್ಲಿಟ್ಟುಕೊಂಡು, "ಪಾಪ, ಮಗುವನ್ನು ಕಟ್ಟಿಕೊಂಡು ಅವಳೊಬ್ಬಳೇ ಏನು ಮಾಡಬೇಕು?" ಎಂದರು. ಸಂಜೆ ಹೆದರಿ ಕಿರುಚಿದ ನನ್ನ ಮಗಳು ಬೆಳಗಿನ ಜಾವ ಅದೇ ರಾಕ್ಷಸಿಗಾಗಿ ಕಣ್ಣೊರಸಿಕೊಂಡಳು.

ಅಜ್ಜಿಯ ಆ ಪ್ರಶ್ನೆ ವಕೀಲನಾದ ನನ್ನನ್ನು ಬಹುಕಾಲ ಕಾಡಿತು. ವ್ಯಾಸಭಾರತದ ಪ್ರಕಾರ ಈ ವಿವಾಹವು ಸ್ಪಷ್ಟವಾದ ಕರಾರು. ಹಗಲಿನಲ್ಲಿ ಭೀಮನು ಅವಳೊಡನೆ ವಿಹರಿಸಬಹುದು, ರಾತ್ರಿಯಾಗುವಾಗ ಅವನನ್ನು ಹಿಂದಕ್ಕೆ ತಂದು ಬಿಡಬೇಕೆಂದು ಧರ್ಮರಾಯನು ವಿಧಿಸುತ್ತಾನೆ. ಮಗ ಹುಟ್ಟುವ ತನಕ ಮಾತ್ರವೆಂದು ಭೀಮನು ಅವಧಿ ಗೊತ್ತುಪಡಿಸುತ್ತಾನೆ. ಹಿಡಿಂಬೆ ಒಪ್ಪುತ್ತಾಳೆ, ಒಪ್ಪಿದಂತೆಯೇ ನಡೆಯುತ್ತಾಳೆ. ಅವಧಿ ತೀರಿದಾಗ ಅದನ್ನು ತಾನೇ ಹೇಳಿ ಬೀಳ್ಕೊಳ್ಳುತ್ತಾಳೆ. ಕಾನೂನಿನ ದೃಷ್ಟಿಯಿಂದ ಯಾರದೂ ತಪ್ಪಿಲ್ಲ. ಆದರೂ ಗದ್ದೆಯಲ್ಲಿ ಕುಳಿತ ನ್ಯಾಯಪೀಠವು ಪ್ರತಿಸಲವೂ ಅವಳ ಪರವಾಗಿಯೇ ತೀರ್ಪು ನೀಡುತ್ತದೆ. ಕುರುಕ್ಷೇತ್ರದಲ್ಲಿ ಕರ್ಣನ ಶಕ್ತ್ಯಾಯುಧಕ್ಕೆ ಎದೆಯೊಡ್ಡಿ ಅರ್ಜುನನನ್ನು ಉಳಿಸಿದವನು ಅವಳ ಮಗನೇ ಎಂಬುದನ್ನು ಆ ಪ್ರೇಕ್ಷಕರು ಬಲ್ಲರು. ಕರಾರಿನಲ್ಲಿ ಇಲ್ಲದ ಋಣವೊಂದು ಪಾಂಡವರ ಮೇಲೆ ಉಳಿದಿದೆ ಎಂಬುದು ಅವರ ವಾದ.

ಮನಾಲಿಯಲ್ಲಿ ಆ ಋಣವನ್ನು ತೀರಿಸಿದವರನ್ನು ಕಂಡೆ. ತಗ್ಗಾದ ಬಾಗಿಲಿನಲ್ಲಿ ತಲೆಬಾಗಿಯೇ ಒಳಹೋಗಬೇಕು. ಒಳಗೆ ಗೋಪುರಸಹಿತವಾದ ಗರ್ಭಗೃಹವಿಲ್ಲ. ದೊಡ್ಡದೊಂದು ಬಂಡೆ, ಅದರಡಿಯಲ್ಲಿ ದೇವಿಯದೆಂದು ಪೂಜೆಗೊಳ್ಳುವ ಪಾದದ ಗುರುತು. ಭೀಮನು ಹೋದ ಮೇಲೆ ಹಿಡಿಂಬೆ ಇಲ್ಲಿ ತಪಸ್ಸು ಮಾಡಿ ದೇವಿಯಾದಳೆಂಬುದು ಸ್ಥಳೀಯರ ನಂಬಿಕೆ. ಕುಲ್ಲೂ ರಾಜಮನೆತನಕ್ಕೆ ಅವಳು ಅಜ್ಜಿಯ ಸ್ಥಾನದಲ್ಲಿರುವವಳು. ಅವಳ ಪಲ್ಲಕ್ಕಿ ಬಾರದೆ ಕುಲ್ಲೂ ದಸರೆ ಆರಂಭವಾಗದು. ತುಸು ದೂರದಲ್ಲಿ ಮರವೊಂದರ ಬುಡದಲ್ಲಿ ಘಟೋತ್ಕಚನಿಗೂ ಪೂಜೆಯಿದೆ. ನಾವು ಹೆದರಿ, ನಕ್ಕು, ಕೊನೆಗೆ ಮರುಗುವವಳ ಮುಂದೆ ಅವರು ಕೈಮುಗಿಯುತ್ತಾರೆ.

ಹೊರಬಂದಾಗ ಕೆಲವರು ಚಮರೀಮೃಗದ ಮೇಲೆ ಕುಳಿತು ಚಿತ್ರ ತೆಗೆಸಿಕೊಳ್ಳುತ್ತಿದ್ದರು. ಮಗಳು ಅತ್ತ ನೋಡಲಿಲ್ಲ. ಘಟೋತ್ಕಚನ ಮರದ ಬಳಿ ನಿಂತು, ತನಗಿಂತ ಚಿಕ್ಕವನಾದ ತಮ್ಮನಿಗೆ ಇಡೀ ಪ್ರಸಂಗವನ್ನು, ಭಾಗವತರ ಧ್ವನಿಯನ್ನೂ ಹೆಣ್ಣುಬಣ್ಣದ ಅಬ್ಬರವನ್ನೂ ಸೇರಿಸಿ, ಹೇಳತೊಡಗಿದಳು. ಭಾಷೆ ತಿಳಿಯದ ದಾರಿಹೋಕರೂ ಒಂದು ಕ್ಷಣ ನಿಂತು ಮುಗುಳ್ನಕ್ಕರು.

ಕೇರಳದಲ್ಲಿದ್ದುಕೊಂಡು ಕನ್ನಡ ಮಾಧ್ಯಮಕ್ಕೆ ಏಕೆ ಸೇರಿಸಿದಿರಿ, ಅದರಿಂದೇನು ಸಿಗುತ್ತದೆ ಎಂದು ನಮ್ಮನ್ನು ಕೇಳುವವರು ಬಹಳ. ಉದ್ಯೋಗ, ಪರೀಕ್ಷೆಗಳ ಕುರಿತು ನಾನು ಹೇಳಬೇಕಾದುದನ್ನು ಹೇಳುತ್ತೇನೆ; ಆ ಆತಂಕ ನನಗೂ ಇಲ್ಲದಿಲ್ಲ. ಆದರೆ ಗದ್ದೆಯ ಆ ರಾತ್ರಿ ಭಾಗವತರ ಪದವಾಗಲಿ, ವೇಷಧಾರಿಗಳ ಅರ್ಥವಾಗಲಿ ತಿಳಿಯದಿದ್ದರೆ ನನ್ನ ಮಗಳಿಗೆ ಹಿಡಿಂಬೆ ಬರಿಯ ಭಯವಾಗಿಯೇ ಉಳಿಯುತ್ತಿದ್ದಳು. ಭಯದಿಂದ ಮರುಕದವರೆಗಿನ ದಾರಿಯನ್ನು ಅವಳು ಕನ್ನಡದಲ್ಲಿ ನಡೆದಳು. ಅದರಿಂದಲೇ ಎರಡು ಸಾವಿರ ಕಿಲೋಮೀಟರಿಗೂ ದೂರದ ಪರಸ್ಥಳದ ಗುಡಿಯೊಂದರಲ್ಲಿ ಅವಳಿಗೆ ಪರಿಚಯದವಳೊಬ್ಬಳು ಸಿಕ್ಕಳು.

ಮರಳುವಾಗ ರೈಲಿನಲ್ಲಿ ಅವಳು ಕೇಳಿದ್ದು ಒಂದೇ ಮಾತು: "ಅಪ್ಪಾ, ಆ ಅಜ್ಜಿಗೆ ಈ ಗುಡಿಯ ವಿಷಯ ಹೇಳಬೇಕಲ್ಲ?" ಬರುವ ಆಟದ ದಿನ ಚಾಪೆಯೊಡನೆ ಬೇಗನೆ ಹೋಗಿ, ಅವರನ್ನು ಹುಡುಕುವುದೆಂದು ತೀರ್ಮಾನಿಸಿದ್ದೇವೆ.